ಗ್ಲಾಕ್ ಮ್ಯಾಗಜೀನ್ ಸಿಗ್‌ಗೆ ಹೊಂದುತ್ತಾ? ಟೆಕ್ಸಾಸ್ ತಮ್ಮನ ಜಗಳ ಬಗೆಹರಿಸಿ

ಗೋಣಿಕೊಪ್ಪ_ಕಾಫಿ:

ಎಲ್ಲರಿಗೂ ನಮಸ್ಕಾರ. ಮಳೆ ಬಿಡುತ್ತಿಲ್ಲ, ತೋಟದ ಕಡೆ ಹೋಗುವ ಹಾಗಿಲ್ಲ, ಸುಮ್ನೆ ಕೂತು ತಲೆ ಕೆಡಿಸಿಕೊಂಡಿದ್ದೇನೆ.

ನನ್ನ ಚಿಕ್ಕಪ್ಪನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅವನ ಹತ್ತಿರ ಒಂದು ಗ್ಲಾಕ್ 19 ಪಿಸ್ತೂಲ್ ಇದೆ, ಜೊತೆಗೆ ಏಳೆಂಟು ಮ್ಯಾಗಜೀನ್ (ಹಿಡಿಯೊಳಗೆ ತೂರಿಸುವ ಗುಂಡಿನ ಡಬ್ಬಿ). ಈಗ ಹೆಂಡತಿಗೂ ಕೈಗೆ ಒಗ್ಗುವಂಥದ್ದು ಇನ್ನೊಂದು ಬೇಕಂತೆ. ಸಿಗ್ ಸಾವರ್ ಪಿ320 ತಗೊಳ್ತೀನಿ, ಅದು ಮಾಡ್ಯುಲರ್, ಎಲ್ಲ ಬಿಚ್ಚಿ ಬದಲಾಯಿಸಬಹುದು, ಮ್ಯಾಗಜೀನೂ ಹೊಂದಿಕೊಳ್ಳುತ್ತೆ ಅಂತ ನಮ್ಮ ಒಕ್ಕದ (ಕುಟುಂಬದ) ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ. ಬೆಂಗಳೂರಿನಲ್ಲಿರುವ ನಮ್ಮ ಭಾವ, ಯೂಟ್ಯೂಬ್ ನೋಡಿಯೇ ಎಲ್ಲ ಕಲಿತವರು, ಇಲ್ಲ ಹೊಂದಲ್ಲ ಅಂದರು. ಎರಡು ದಿನ ಅದೇ ಜಗಳ. ಅಜ್ಜಿಯ ಹುಟ್ಟುಹಬ್ಬದ ಫೋಟೋಗಳೆಲ್ಲ ಅದರಲ್ಲಿ ಮುಳುಗಿಹೋದವು.

ನನಗೆ ಗೊತ್ತಿರುವುದು ಮನೆಯ ಜೋಡಿ ನಳಿಗೆ ಕೋವಿ ಒಂದೇ. ಮುರಿದು ಎರಡು ತೋಟಾ ಹಾಕು, ಮುಚ್ಚು, ಮುಗಿಯಿತು. ಅದಕ್ಕೇ ಕೇಳುತ್ತಿದ್ದೇನೆ: ಈ ಸ್ಟ್ರೈಕರ್ ಅಂದರೆ ಏನು, ಮಾಡ್ಯುಲರ್ ಅಂದರೆ ಏನು, ಯಾವ ಮ್ಯಾಗಜೀನ್ ಯಾವುದಕ್ಕೆ ಹೋಗುತ್ತದೆ? ಇನ್ನೊಂದು, ಅವನು ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಬರುವಾಗ ಒಂದು ಖಾಲಿ ಮ್ಯಾಗಜೀನ್ ತಂದು ಪೂಜೆಗೆ ಇಡ್ತೀನಿ ಅನ್ನುತ್ತಿದ್ದಾನೆ. ತಮಾಷೆಯೋ ನಿಜವೋ ಗೊತ್ತಾಗುತ್ತಿಲ್ಲ.

ಮೂರ್ನಾಡು_ಸುಬೇದಾರ್:

ಮೊದಲು ಸ್ಟ್ರೈಕರ್ ವಿಷಯ ಹೇಳಿಬಿಡುತ್ತೇನೆ. ನಾನು ಸರ್ವಿಸ್‌ನಲ್ಲಿದ್ದಾಗ ಕೈಯಲ್ಲಿದ್ದದ್ದು ಇಶಾಪುರದಲ್ಲಿ ಮಾಡಿದ 9 ಎಂಎಂ 1ಎ ಪಿಸ್ತೂಲ್. ಬ್ರೌನಿಂಗ್ ಹೈ ಪವರ್‌ನದೇ ಜಾತಿ. ಉಕ್ಕಿನ ಮೈ, ಮ್ಯಾಗಜೀನ್‌ನಲ್ಲಿ 13 ಗುಂಡು, ಹಿಂದೆ ಕಣ್ಣಿಗೆ ಕಾಣುವ ಕುದುರೆ, ಅಂದರೆ ಬಡಿಯುವ ಸುತ್ತಿಗೆ. ಟ್ರಿಗರ್ ಎಳೆದರೆ ಕುದುರೆ ಬಂದು ಪಿನ್ನಿಗೆ ಬಡಿಯುತ್ತದೆ, ಪಿನ್ನು ತೋಟಾದ ಬೆನ್ನಿಗೆ ಬಡಿಯುತ್ತದೆ. ಸ್ಟ್ರೈಕರ್‌ನಲ್ಲಿ ಕುದುರೆಯೇ ಇಲ್ಲ. ಪಿನ್ನಿಗೇ ಒಂದು ಸ್ಪ್ರಿಂಗ್ ಇರುತ್ತದೆ, ಬಿಟ್ಟರೆ ಅದೇ ನುಗ್ಗಿ ಬಡಿಯುತ್ತದೆ, ಎಲ್ಲವೂ ಸ್ಲೈಡಿನ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಒಳಗೆ. ಹೊರಗೆ ಬಟ್ಟೆಗೆ ಸಿಕ್ಕಿಕೊಳ್ಳುವ ಭಾಗ ಇಲ್ಲ, ಪ್ರತಿ ಸಲ ಟ್ರಿಗರ್ ಎಳೆತವೂ ಒಂದೇ ಥರ.

ಪ್ಲಾಸ್ಟಿಕ್ ಮೈ ಅಂದಕೂಡಲೇ ಎಲ್ಲರೂ ಗ್ಲಾಕ್ ಹೆಸರು ಹೇಳುತ್ತಾರೆ, ಆದರೆ ಮೊದಲು ಮಾಡಿದ್ದು ಜರ್ಮನಿಯ ಹೆಕ್ಲರ್ ಆ್ಯಂಡ್ ಕಾಖ್. ಅವರ ವಿಪಿ70 ಬಂದದ್ದು 1970ರಲ್ಲಿ, ಅದೂ ಸ್ಟ್ರೈಕರ್, ಮ್ಯಾಗಜೀನ್‌ಗೆ 18 ಗುಂಡು. ಅದರ ಟ್ರಿಗರ್ ಮಾತ್ರ ಕಲ್ಲು ಎಳೆದ ಹಾಗೆ, ಜನ ಒಪ್ಪಲಿಲ್ಲ. ಗ್ಲಾಕ್ 17 ಬಂದದ್ದು 1982ರಲ್ಲಿ, ಆಸ್ಟ್ರಿಯಾ ಸೈನ್ಯ ತಗೊಂಡಿತು, ಆಮೇಲೆ ಲೋಕವೇ ತಗೊಂಡಿತು. ನಮ್ಮ ಎನ್‌ಎಸ್‌ಜಿ ಕಮಾಂಡೋ ಹುಡುಗರ ಸೊಂಟದಲ್ಲೂ ಅದೇ.

ಮ್ಯಾಗಜೀನ್ ಪುರಾಣ ನನಗಿಂತ ಬೇರೆಯವರಿಗೆ ಚೆನ್ನಾಗಿ ಗೊತ್ತು. ಒಂದೇ ಮಾತು: ಬೇರೆ ಕಂಪನಿಯದ್ದು ಬೇರೆ ಕಂಪನಿಗೆ ತುರುಕಬೇಡಿ ಅಂತ ಹೇಳಿ ನಿಮ್ಮ ತಮ್ಮನಿಗೆ.

ಪೊನ್ನಂಪೇಟೆ_ಫೀನಿಕ್ಸ್:

ಅಣ್ಣ, ನಾನು ಅರಿಜೋನಾದಲ್ಲಿದ್ದೇನೆ, ನನ್ನ ಹತ್ತಿರ ಗ್ಲಾಕ್ 19, ಸಿಗ್ ಪಿ320, ಪಿ365 ಮೂರೂ ಇವೆ, ಹಾಗಾಗಿ ಇದು ಓದಿ ಹೇಳುತ್ತಿರುವುದಲ್ಲ. ನಿಮ್ಮ ಭಾವ ಗೆದ್ದರು. ಗ್ಲಾಕ್ ಮ್ಯಾಗಜೀನ್ ಪಿ320ಗೆ ಹೊಂದುವುದೇ ಇಲ್ಲ.

ನಿಮ್ಮ ತಮ್ಮ ಎರಡು ಬೇರೆ ಬೇರೆ ವಿಷಯ ಸೇರಿಸಿಬಿಟ್ಟಿದ್ದಾನೆ. ಪಿ320 ಬಂದದ್ದು 2014ರಲ್ಲಿ. ಅದರ ಒಳಗೆ ಟ್ರಿಗರ್ ಸಾಮಾನೆಲ್ಲ ಕೂತಿರುವ ಒಂದು ಉಕ್ಕಿನ ಚೌಕಟ್ಟು ಇದೆ, ಎಫ್‌ಸಿಯು ಅಂತಾರೆ. ಸೀರಿಯಲ್ ನಂಬರ್ ಇರುವುದು ಅದರ ಮೇಲೆ, ಇಲ್ಲಿನ ಕಾನೂನಿನ ಲೆಕ್ಕದಲ್ಲಿ ಪಿಸ್ತೂಲ್ ಅಂದರೆ ಅದೇ. ಹಿಡಿ, ಸ್ಲೈಡು, ನಳಿಗೆ ಎಲ್ಲ ಅದಕ್ಕೆ ಹಾಕುವ ಅಂಗಿ ಇದ್ದ ಹಾಗೆ. ಕೈ ಸಣ್ಣದಿದ್ದರೆ ಸಣ್ಣ ಹಿಡಿ, ದೊಡ್ಡದಿದ್ದರೆ ದೊಡ್ಡದು. ಅಮೆರಿಕ ಸೈನ್ಯ 2017ರ ಜನವರಿಯಲ್ಲಿ ಇದನ್ನೇ ಆರಿಸಿತು, ಎಂ17, ಎಂ18 ಅಂತ ಹೆಸರಿಟ್ಟಿತು. ಗ್ಲಾಕ್‌ನಲ್ಲಿ ಹಾಗಲ್ಲ, ನಂಬರ್ ಪ್ಲಾಸ್ಟಿಕ್ ಮೈಗೇ ಅಂಟಿಕೊಂಡಿರುತ್ತದೆ, ಮೈ ಬದಲಾಯಿಸುವುದು ಅಂದರೆ ಹೊಸ ಪಿಸ್ತೂಲ್ ತಗೊಳ್ಳುವುದೇ. ಮಾಡ್ಯುಲರ್ ಅಂದರೆ ಇಷ್ಟೇ. ಮ್ಯಾಗಜೀನ್ ಸಿಕ್ಕಿದ್ದಕ್ಕೆಲ್ಲ ಹೋಗುತ್ತದೆ ಅಂತ ಅಲ್ಲ.

ಮ್ಯಾಗಜೀನ್‌ಗೆ ಇರುವುದು ಒಂದು ಸೂತ್ರ. ಒಂದೇ ಮನೆತನದೊಳಗೆ ಉದ್ದದ್ದು ಗಿಡ್ಡದ್ದಕ್ಕೆ ಹೋಗುತ್ತದೆ, ಗಿಡ್ಡದ್ದು ಉದ್ದದ್ದಕ್ಕೆ ಹೋಗುವುದಿಲ್ಲ. ಗ್ಲಾಕ್ 17ರ 17 ಗುಂಡಿನ ಮ್ಯಾಗಜೀನ್ ಗ್ಲಾಕ್ 19ಕ್ಕೆ ಹೋಗುತ್ತದೆ, ಕೆಳಗೆ ಸ್ವಲ್ಪ ಬಾಲ ಕಾಣುತ್ತದೆ ಅಷ್ಟೇ. 19ರ 15 ಗುಂಡಿನದ್ದು ಇನ್ನೂ ಗಿಡ್ಡ ಗ್ಲಾಕ್ 26ಕ್ಕೆ ಹೋಗುತ್ತದೆ. ಆದರೆ 19ರದ್ದನ್ನು 17ಕ್ಕೆ ಹಾಕಲು ನೋಡಿ, ಮ್ಯಾಗಜೀನ್‌ನ ಅಡಿಯ ತಟ್ಟೆ ಅಗಲ ಇರುತ್ತದಲ್ಲ, ಅದು ಹಿಡಿಯ ಬಾಯಿಗೇ ಅಡ್ಡ ನಿಂತುಬಿಡುತ್ತದೆ, ಮೇಲೆ ಕೊಕ್ಕೆ ಕಚ್ಚುವಷ್ಟು ಒಳಗೆ ಹೋಗುವುದೇ ಇಲ್ಲ. ಪಿ320ರಲ್ಲೂ ಇದೇ ಕಥೆ: 21, 17 ಗುಂಡಿನದ್ದು ಸಣ್ಣ ಹಿಡಿಗೂ ಹೋಗುತ್ತದೆ, ಕಾಂಪ್ಯಾಕ್ಟ್‌ನ 15ರದ್ದು ದೊಡ್ಡ ಹಿಡಿಗೆ ಹೋಗುವುದಿಲ್ಲ. ಅಂದರೆ ಸಣ್ಣ ಹಿಡಿ ಬಿಚ್ಚಿ ದೊಡ್ಡದು ಹಾಕಿಕೊಂಡ ದಿನ ಹಳೇ ಮ್ಯಾಗಜೀನ್‌ಗಳೆಲ್ಲ ಮೂಲೆಗೆ. ಮಾಡ್ಯುಲರ್ ಅಂತ ಕುಣಿಯುವವರು ಇದನ್ನು ಹೇಳುವುದೇ ಇಲ್ಲ!

ಉದ್ದದ್ದನ್ನು ಗಿಡ್ಡದ್ದಕ್ಕೆ ಹಾಕುವಾಗ ಸ್ಲೈಡು ಹಿಂದೆ ನಿಂತಿದ್ದರೆ ಜೋರಾಗಿ ಗುದ್ದಬೇಡಿ. ತಡೆಯುವುದಕ್ಕೆ ಏನೂ ಇಲ್ಲದೆ ಮೇಲೆ ಹೋಗಿ, ಖಾಲಿ ತೋಟಾ ಹೊರಗೆಸೆಯುವ ಒಳಗಿನ ಎಜೆಕ್ಟರ್‌ಗೆ ತಾಗಬಹುದು.

ಮನೆತನ ಅಂದೆನಲ್ಲ, ಒಂದೇ ಕಂಪನಿ ಆದರೂ ಮನೆತನ ಬೇರೆ ಇರಬಹುದು. ಸಿಗ್‌ನವರದೇ ಪಿ365, 2018ರಲ್ಲಿ ಬಂದ ಪುಟಾಣಿ, 10 ಗುಂಡಿನದ್ದು. ಅದರ ಮ್ಯಾಗಜೀನ್ ಪಿ320ಗೆ ಆಗುವುದಿಲ್ಲ, ಪಿ320ರದ್ದು ಇದಕ್ಕೂ ಆಗುವುದಿಲ್ಲ. ಗ್ಲಾಕ್ 43ಎಕ್ಸ್ ಕೂಡ ಹಾಗೇ, 19ರದ್ದು ಅದಕ್ಕೆ ಹೋಗದು. ನಾನು ಶುರುವಿನಲ್ಲಿ ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಯಾರೋ ಮಾಡಿದ ಮ್ಯಾಗಜೀನ್ ನಾಲ್ಕು ತಗೊಂಡೆ. ಕಂಪನಿ ಹೆಸರು ಬೇಡ. ಕೊನೆಯ ಗುಂಡು ಹೋದ ಮೇಲೆ ಸ್ಲೈಡು ಹಿಂದೆ ನಿಲ್ಲಬೇಕು, ನಿಲ್ಲುತ್ತಿರಲಿಲ್ಲ. ರೇಂಜಿನಲ್ಲಿ ಖಾಲಿ ಪಿಸ್ತೂಲ್ ಟಕ್ ಟಕ್ ಅನ್ನಿಸಿ ನಗೆಪಾಟಲಾದೆ. ಈಗ ಒಂದು ಡ್ರಾಯರ್‌ನಲ್ಲಿ ಬಿದ್ದಿವೆ.

ಗೋಣಿಕೊಪ್ಪ_ಕಾಫಿ:

ತಮ್ಮ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಮನೆತನ ಅಂದಿದ್ದು ಚೆನ್ನಾಗಿ ತಲೆಗೆ ಹೋಯಿತು. ಹಾಗಾದರೆ ಅವನ ಹತ್ತಿರ ಇರುವ ಗ್ಲಾಕ್ ಮ್ಯಾಗಜೀನ್‌ಗಳು ಉಪಯೋಗಕ್ಕೆ ಬರಬೇಕು, ಸಿಗ್ ಥರ ಬಿಚ್ಚಿ ಜೋಡಿಸುವಂತೆಯೂ ಇರಬೇಕು ಅಂದರೆ ದಾರಿಯೇ ಇಲ್ವಾ?

ಪೊನ್ನಂಪೇಟೆ_ಫೀನಿಕ್ಸ್:

ಇದೆ ಅಣ್ಣ. ರೂಗರ್ ಕಂಪನಿ ಬಿಡಿಭಾಗ ಮಾಡುವ ಮ್ಯಾಗ್‌ಪುಲ್ ಜೊತೆ ಸೇರಿ 2024ರ ಡಿಸೆಂಬರ್‌ನಲ್ಲಿ ಆರ್‌ಎಕ್ಸ್‌ಎಂ ಅಂತ ಒಂದು ತಂದಿತು. ನಂಬರ್ ಇರುವ ಚೌಕಟ್ಟು ಒಳಗೆ, ಹಿಡಿ ಬೇರೆ, ಮ್ಯಾಗಜೀನ್ ಮಾತ್ರ ಗ್ಲಾಕ್‌ನದ್ದು. ಹದಿನೈದರದ್ದು ಹೋಗುತ್ತದೆ, ಹದಿನೇಳರದ್ದೂ ಹೋಗುತ್ತದೆ. ನಿಮ್ಮ ತಮ್ಮನಿಗೆ ನನ್ನ ಕೇಳಿದರೆ ಇದನ್ನೇ ಹೇಳುತ್ತೇನೆ. ಎಂಟು ಮ್ಯಾಗಜೀನ್ ಅಂದರೆ ಕಡಿಮೆ ದುಡ್ಡಲ್ಲ. ಅವನ ಹೆಂಡತಿಗೆ ಸಣ್ಣದೇ ಬೇಕಾದರೆ ಗ್ಲಾಕ್ 26, ಇರುವ ಮ್ಯಾಗಜೀನ್ ಅದಕ್ಕೂ ಆಗುತ್ತದೆ. ಆದರೆ ಅವಳ ಕೈಗೆ ಕೊಟ್ಟು ನೋಡಿ ತಗೊಳ್ಳಲಿ. 26 ಗಿಡ್ಡ ನಿಜ, ದಪ್ಪ ಮಾತ್ರ 19ರಷ್ಟೇ.

ಅವನ ಗ್ಲಾಕ್ ಹಳೇ ಜೆನ್ 3 (ಮೂರನೇ ತಲೆಮಾರಿನದ್ದು) ಆಗಿದ್ದರೆ ಒಂದು ಎಚ್ಚರ. ಜೆನ್ 4ರಿಂದ ಮ್ಯಾಗಜೀನ್ ಬಿಡಿಸುವ ಗುಂಡಿಯನ್ನು ಎಡಚರಿಗೆ ಬೇಕಾದಂತೆ ಆ ಕಡೆಗೆ ಹಾಕಬಹುದು. ಹಾಗೆ ತಿರುಗಿಸಿದ ಪಿಸ್ತೂಲಿಗೆ ಹಳೇ ಮ್ಯಾಗಜೀನ್ ನಿಲ್ಲುವುದಿಲ್ಲ, ಅದರಲ್ಲಿ ಕಚ್ಚು ಇರುವುದು ಒಂದೇ ಕಡೆ.

ಕುಶಾಲನಗರ_ಬೈಪಾಸ್:

ಎಲ್ಲ ಸರಿ, ಆದರೆ ಪಿ320 ಬಗ್ಗೆ ಯಾರೂ ಅದನ್ನು ಹೇಳಲಿಲ್ಲವಲ್ಲ? ಒಂದು ಕೋನದಲ್ಲಿ ಕೆಳಗೆ ಬಿದ್ದರೆ ಗುಂಡು ಹಾರುತ್ತದೆ ಅಂತ ಗೊತ್ತಾಗಿ, 2017ರ ಆಗಸ್ಟ್‌ನಲ್ಲಿ ಕಂಪನಿಯೇ ಟ್ರಿಗರ್ ಭಾಗಗಳನ್ನು ಬಿಟ್ಟಿ ಬದಲಾಯಿಸಿಕೊಡಲು ಶುರುಮಾಡಿತು. ಆಮೇಲೂ ಟ್ರಿಗರ್ ಮುಟ್ಟದೆ ಹಾರಿತು ಅಂತ ಕೇಸುಗಳು ಬಂದವು. ಕಂಪನಿ ಒಪ್ಪುವುದಿಲ್ಲ, ಆದರೆ 2024ರಲ್ಲಿ ಫಿಲಡೆಲ್ಫಿಯಾದಲ್ಲಿ ಜ್ಯೂರಿ 1.1 ಕೋಟಿ ಡಾಲರ್ ಕೊಡಿ ಅಂದಿತು. ಮ್ಯಾಗಜೀನ್ ಹೊಂದುತ್ತೋ ಇಲ್ಲವೋ ಆಮೇಲೆ ನೋಡೋಣ, ಮನೆಯಲ್ಲಿ ಮಕ್ಕಳಿದ್ದಾರಲ್ವಾ?

ಪೊನ್ನಂಪೇಟೆ_ಫೀನಿಕ್ಸ್:

ಕುಶಾಲನಗರದವರು ಹೇಳಿದ್ದು ಸರಿ. ನನ್ನದು ಆಮೇಲೆ ತಗೊಂಡದ್ದು, ಇಲ್ಲಿವರೆಗೆ ತೊಂದರೆ ಕೊಟ್ಟಿಲ್ಲ. ಆದರೂ ನಿಜ ಹೇಳಬೇಕೆಂದರೆ ಗುಂಡು ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳುವುದಕ್ಕೆ ನಾನು ಅದನ್ನು ಬಳಸುವುದಿಲ್ಲ, ರೇಂಜಿಗೆ ಮಾತ್ರ. ಗ್ಲಾಕ್‌ನ ಸ್ಟ್ರೈಕರ್ ಟ್ರಿಗರ್ ಎಳೆಯುವ ತನಕ ಅರೆಬರೆ ಎಳೆದುಕೊಂಡಿರುತ್ತದೆ, ಪಿ320ದ್ದು ಪೂರ್ತಿ ಎಳೆದೇ ಕೂತಿರುತ್ತದೆ. ಅದಕ್ಕೇ ಟ್ರಿಗರ್ ಹಗುರ ಅನ್ನಿಸುತ್ತದೆ, ಅದಕ್ಕೇ ನನಗೆ ಸ್ವಲ್ಪ ಅಳುಕು.

ಮಡಿಕೇರಿ_ಕೋರ್ಟುರಸ್ತೆ:

ಪ್ರಶ್ನೆಯ ಕೊನೆಯ ಸಾಲನ್ನು ಎಲ್ಲರೂ ಹಾರಿಸಿಬಿಟ್ಟಿದ್ದೀರಿ. ನನ್ನ ಕಸುಬು ವಕೀಲಿಕೆ, ಕಣ್ಣು ಬಿದ್ದದ್ದೇ ಅದರ ಮೇಲೆ.

ಖಾಲಿ ಮ್ಯಾಗಜೀನ್ ತರುವುದು ಬೇಡವೇ ಬೇಡ. 1959ರ ಆರ್ಮ್ಸ್ ಆ್ಯಕ್ಟ್‌ನಲ್ಲಿ ಆಯುಧ ಅಂದರೆ ಅದರ ಬಿಡಿಭಾಗಗಳೂ ಸೇರಿದವು. ತಗಡಿನ ಡಬ್ಬಿ ಅಷ್ಟೇ ಸಾರ್ ಅಂದರೆ ವಿಮಾನ ನಿಲ್ದಾಣದಲ್ಲಿ ಯಾರೂ ಕೇಳುವುದಿಲ್ಲ. ರೇಂಜಿಗೆ ಒಯ್ಯುವ ಚೀಲವನ್ನೇ ಊರಿಗೆ ತರುವವರಿದ್ದಾರೆ, ಮೂಲೆಯಲ್ಲಿ ಒಂದು ತೋಟಾ ಉಳಿದಿದ್ದರೂ ಕೇಸು. ಹೊಸ ಚೀಲ ತಗೊಂಡು ಬರಲಿ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮಲ್ಲೇ ಇದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ಅದನ್ನು ತೋರಿಸಿ 9 ಎಂಎಂ ಇಟ್ಟುಕೊಳ್ಳಲು ಆಗದು. ಅದು ನಮ್ಮ ದೇಶದಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ). ಇಲ್ಲಿ ಹೇಳಿದ ಗ್ಲಾಕ್ 17, 19, ಸಿಗ್, ರೂಗರ್ ಎಲ್ಲ 9 ಎಂಎಂ. ಸಾಮಾನ್ಯ ಜನಕ್ಕೆ ಹೆಚ್ಚಾಗಿ ಸಿಗುವುದು .32. ಅದರಲ್ಲೂ ನೋಡಿ, ಕಾನ್ಪುರದ ರಿವಾಲ್ವರ್‌ಗೆ ಬೇಕಾದದ್ದು ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್ ತೋಟಾ, ಪಿಸ್ತೂಲಿಗೆ ಬೇಕಾದದ್ದು ಎಸಿಪಿ. ಎರಡಕ್ಕೂ .32 ಅಂತಲೇ ಕರೆಯುತ್ತಾರೆ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಅಮೆರಿಕದವರಿಗೆ ಮ್ಯಾಗಜೀನ್ ಗೊಂದಲ, ನಮಗೆ ತೋಟಾ ಗೊಂದಲ.

ಮೂರ್ನಾಡು_ಸುಬೇದಾರ್:

ವಕೀಲರೇ, ಹೇಳಿದ್ದು ಒಳ್ಳೆಯದಾಯಿತು. ನಮ್ಮ ಪಕ್ಕದ ಮನೆಯ ಹುಡುಗ ದುಬೈಯಿಂದ ಬರುವಾಗ ಬ್ಯಾಗಿನಲ್ಲಿ ಆಟಿಕೆ ಪಿಸ್ತೂಲ್ ತಂದು, ಅದನ್ನು ವಿವರಿಸುವುದರಲ್ಲೇ ಮೂರು ಗಂಟೆ ಕಳೆದ. ಮೈಸೂರು ಬಸ್ಸೂ ತಪ್ಪಿತು.

ಗೋಣಿಕೊಪ್ಪ_ಕಾಫಿ:

ಎಲ್ಲವನ್ನೂ ಅವನಿಗೆ ಕಳಿಸಿದೆ. ರಾತ್ರಿ ಫೋನ್ ಮಾಡಿದ್ದ. ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಹೋಗಿದ್ದರಂತೆ. 26 ಅವಳ ಕೈಗೆ ದಪ್ಪ ಆಯಿತು, ಕಿರುಬೆರಳಿಗೆ ಜಾಗವೇ ಇಲ್ಲ. 19ರ ಮ್ಯಾಗಜೀನ್ ಹಾಕಿ ಹಿಡಿದರೆ ಸರಿಹೋಗುತ್ತದೆ, ಆದರೆ ಆಗ ಅದು ಹೆಚ್ಚುಕಡಿಮೆ 19ರಷ್ಟೇ ಉದ್ದ ಆಯಿತಲ್ಲ ಅಂದಳಂತೆ. ಕೊನೆಗೆ ಆರ್‌ಎಕ್ಸ್‌ಎಂ ಹಿಡಿದು ನೋಡಿ ಇದೇ ಇರಲಿ ಅಂದಿದ್ದಾಳೆ. ಭಾವನಿಗೆ ಮಾತ್ರ ಇನ್ನೂ ಹೇಳಿಲ್ಲ, ತಾನೇ ಗೆದ್ದೆ ಅಂತ ಗ್ರೂಪಿನಲ್ಲಿ ಕುಣಿಯುತ್ತಾರೆ.

ಮ್ಯಾಗಜೀನ್ ತರುವ ಮಾತು ಬಿಟ್ಟಿದ್ದಾನೆ. ಫೋಟೋ ಪ್ರಿಂಟ್ ಹಾಕಿಸಿ ಕೋವಿ ಪಕ್ಕದಲ್ಲಿ ಇಡಬಹುದಾ ಅಂತ ಕೇಳಿದ. ಅಜ್ಜಿ ಫೋನ್ ಕಸಿದುಕೊಂಡು, ಇಡು, ಆದರೆ ತೋಕ್ ಪೂ (ಕೋವಿ ಹೂವು) ಮುಡಿಸುವುದು ಕೋವಿಗೆ ಮಾತ್ರ ಅಂದರು.