ವಿಷಯ: 5ನೇ ಅಡ್ಡರಸ್ತೆಯ ತಗಡಿನ ಶೆಡ್‌ಗಳು, ಪಾಲಿಕೆಗೆ ಕೊಡುವ ಮನವಿ ಪತ್ರ

ಸಂಘದ ಕಾರ್ಯದರ್ಶಿ · ಮಾರ್ಚ್ 11, 2024, ರಾತ್ರಿ 8.05

ಎಲ್ಲ ನಿವಾಸಿಗಳಿಗೂ ನಮಸ್ಕಾರ. 5ನೇ ಅಡ್ಡರಸ್ತೆಯ ಕೊನೆಯಲ್ಲಿರುವ ಖಾಲಿ ನಿವೇಶನದಲ್ಲಿ ಶೆಡ್‌ಗಳ ಸಂಖ್ಯೆ ಇಪ್ಪತ್ತಮೂರಕ್ಕೆ ಏರಿದೆ. ಉದ್ಯಾನದ ಹಿಂಬದಿಯಲ್ಲಿ ಬಯಲು ಶೌಚ, ಮೂಲೆಯಲ್ಲಿ ಕಸದ ರಾಶಿ, ಶನಿವಾರ ರಾತ್ರಿ ಗಲಾಟೆ. ಕಳೆದ ವಾರ ಎರಡು ಮನೆಗಳ ಹಿತ್ತಾಳೆ ನಲ್ಲಿಗಳು ಕಳವಾಗಿವೆ. ಶೆಡ್‌ಗಳನ್ನು ಕೂಡಲೇ ತೆರವುಗೊಳಿಸಬೇಕೆಂದು ಪಾಲಿಕೆಗೂ ಪೊಲೀಸ್ ಠಾಣೆಗೂ ಮನವಿ ಬರೆದಿದ್ದೇವೆ. ಭಾನುವಾರ 17ರಂದು ಬೆಳಿಗ್ಗೆ 10ಕ್ಕೆ ಉದ್ಯಾನದಲ್ಲಿ ಸಭೆ. ಒಪ್ಪಿಗೆ ಇರುವವರು ಮನೆ ಸಂಖ್ಯೆ ಹಾಕಿ.

ಮನೆ 12 · ರಾತ್ರಿ 8.11

ಒಪ್ಪಿಗೆ.

ಮನೆ 64 · ರಾತ್ರಿ 8.30

ನನ್ನದೂ ಒಪ್ಪಿಗೆ. ಈ ಜನ ಎಲ್ಲಿಗೆ ಹೋದರೂ ಇದೇ ಪಾಡು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಸಂಜೆಗೆ ಕುಡಿದು ಕೈ ಬರಿದು ಮಾಡಿಕೊಳ್ಳುತ್ತಾರೆ. ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ. ಸರ್ಕಾರ ಅಕ್ಕಿ ಕೊಡುತ್ತದೆ, ಅದರ ಮೇಲೆ ತಲೆಗೆ 170 ರೂಪಾಯಿ ಕೊಡುತ್ತದೆ, ಮನೆಯೊಡತಿಗೆ 2,000, ಬಸ್ಸು ಪುಕ್ಕಟೆ, ಕರೆಂಟು ಪುಕ್ಕಟೆ. ಇಷ್ಟಾದರೂ ಏಳುವುದಿಲ್ಲವೆಂದರೆ ತಪ್ಪು ಯಾರದು? ನಾನೂ ಬಡವರ ಮನೆಯಲ್ಲಿ ಹುಟ್ಟಿದವನೇ. ಬೀದಿ ದೀಪದ ಕೆಳಗೆ ಓದಿದವನು. ಮನಸ್ಸು ಮಾಡಿದರೆ ಯಾರು ಬೇಕಾದರೂ ಮೇಲೆ ಬರಬಹುದು.

ಮನೆ 29 · ರಾತ್ರಿ 8.34

ಸರಿಯಾಗಿ ಹೇಳಿದಿರಿ ಸರ್. ಒಪ್ಪಿಗೆ.

ಮನೆ 71, 5ನೇ ಅಡ್ಡರಸ್ತೆ · ರಾತ್ರಿ 10.20

ಶೆಡ್‌ಗಳ ಎದುರಿಗೇ ನಮ್ಮ ಮನೆ. ವಾಸನೆಯಾಗಲಿ ಸದ್ದಾಗಲಿ ಮೊದಲು ತಟ್ಟುವುದು ನನಗೆ. ಆದರೂ ಈ ಮನವಿಗೆ ನಾನು ಸಹಿ ಹಾಕುವುದಿಲ್ಲ. ಕಾರಣ ಹೇಳುತ್ತೇನೆ. ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಲ್ಲಿರುವವರಲ್ಲಿ ಹೆಚ್ಚಿನವರು ದೇವದುರ್ಗ, ಯಾದಗಿರಿ ಕಡೆಯವರು. ದೇವದುರ್ಗ ತಾಲ್ಲೂಕಿನಲ್ಲಿ ನಾನು ಹನ್ನೊಂದು ವರ್ಷ ಪಾಠ ಮಾಡಿದ್ದೇನೆ. ಹೀಗೆ ಊರು ಬಿಟ್ಟು ದುಡಿಯಲು ಹೋಗುವುದನ್ನು ಅಲ್ಲಿ ‘ಗುಳೆ’ ಎನ್ನುತ್ತಾರೆ. ಹತ್ತಿ ಬಿಡಿಸುವ ಕೆಲಸ ಮುಗಿಯುತ್ತಿದ್ದಂತೆ ನನ್ನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಗುರುತುಗಳು ಸಾಲುಗಟ್ಟುತ್ತಿದ್ದವು. ವಿಚಾರಿಸಲು ಮನೆಗೆ ಹೋದರೆ ಬಾಗಿಲಿಗೆ ಬೀಗವೂ ಇರುತ್ತಿರಲಿಲ್ಲ, ಮುಳ್ಳುಕಂಟಿ ಅಡ್ಡವಿಟ್ಟಿರುತ್ತಿದ್ದರು. ಪಕ್ಕದ ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ಉಳಿದಿರುತ್ತಿದ್ದಳು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಾನೂರು ಕಿಲೋಮೀಟರ್ ದೂರಕ್ಕೆ ಕಲ್ಲು ಮಣ್ಣು ಹೊರಲು ಬರುವವರನ್ನು ಸೋಮಾರಿಗಳೆನ್ನಲು ನನಗೆ ನಾಲಿಗೆ ಬರುವುದಿಲ್ಲ.

ಈ ವರ್ಷ ಶೆಡ್‌ಗಳು ಹೆಚ್ಚಾದದ್ದು ಏಕೆ? ಮಳೆ ಕೈಕೊಟ್ಟಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿದೆ. ಬೆಳೆ ಪರಿಹಾರದ ಮೊದಲ ಕಂತೆಂದು ರೈತರಿಗೆ 2,000 ರೂಪಾಯಿವರೆಗೆ ಕೊಟ್ಟರು. ಹೊಲವೇ ಇಲ್ಲದ ಕೂಲಿಯವನಿಗೆ ಬೆಳೆಯೂ ಇಲ್ಲ, ಬೆಳೆ ಪರಿಹಾರವೂ ಇಲ್ಲ. ಇನ್ನು ಆ ಸೀಮೆಯ ಹಿಂದುಳಿದಿರುವಿಕೆ ಇಂದು ನಿನ್ನೆಯದಲ್ಲ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತ್ತು. ಅವುಗಳಲ್ಲಿ 21 ಕಲಬುರಗಿ ವಿಭಾಗವೊಂದರಲ್ಲೇ ಇವೆ. ಇಪ್ಪತ್ತೊಂದು ತಾಲ್ಲೂಕುಗಳ ಜನ ಎಲ್ಲರೂ ಸೇರಿ ‘ಮನಸ್ಸು ಮಾಡಲಿಲ್ಲ’ ಎಂದು ಹೇಳಲಾದೀತೇ?

64ರ ಸರ್, ಪುಕ್ಕಟೆ ಕರೆಂಟಿನ ಮಾತು ಬಂತು. ಗೃಹಜ್ಯೋತಿಗೆ ಮೀಟರ್ ಬೇಕು, ಶೆಡ್‌ಗೆ ಮೀಟರ್ ಎಲ್ಲಿಂದ ಬರಬೇಕು? ಅಲ್ಲಿ ಒಂದು ತಂತಿ ಎಳೆದು ಶೆಡ್ಡಿಗೊಂದು ಬಲ್ಬು ಕೊಟ್ಟು ಮೇಸ್ತ್ರಿ ಬಟವಾಡೆಯಲ್ಲಿ ಹಣ ಮುರಿದುಕೊಳ್ಳುತ್ತಾನೆ. ಶೂನ್ಯ ಬಿಲ್ಲು ಬರುತ್ತಿರುವುದು ನನ್ನ ಮನೆಗೆ.

ನೀರಿನ ಲೆಕ್ಕವನ್ನೂ ನೋಡಿ. ನಮಗೆ ಕಾವೇರಿ ನೀರಿನ ಮೊದಲ ಹಂತದ ದರ ಸಾವಿರ ಲೀಟರಿಗೆ 7 ರೂಪಾಯಿ. ಎದುರು ಶೆಡ್ಡಿನ ಹೆಂಗಸು ಮುಖ್ಯರಸ್ತೆಯ ಶುದ್ಧ ನೀರಿನ ಘಟಕದಲ್ಲಿ ಐದರ ನಾಣ್ಯ ಹಾಕಿ 20 ಲೀಟರ್ ತರುತ್ತಾಳೆ. ಸಾವಿರ ಲೀಟರಿಗೆ 250 ರೂಪಾಯಿಯಾಯಿತು. ನಮಗಿಂತ ಮೂವತ್ತೈದು ಪಟ್ಟು ಹೆಚ್ಚು ಕೊಟ್ಟು, ಅದನ್ನು ಸೊಂಟದ ಮೇಲೆ ಹೊತ್ತೂ ತರಬೇಕು. ಟ್ಯಾಂಕರಿನವರು ಜಾಸ್ತಿ ಕೇಳುತ್ತಾರೆಂದು ಈ ಗುಂಪಿನಲ್ಲಿ ಹದಿನೈದು ದಿನದಿಂದ ನಾವು ಸಂಕಟಪಡುತ್ತಿದ್ದೇವೆ. ಅವರು ವರ್ಷವಿಡೀ ಹಾಗೆಯೇ ಬದುಕುತ್ತಿದ್ದಾರೆ.

ಬಯಲು ಶೌಚ. ಬಸ್ ನಿಲ್ದಾಣದ ಬಳಿಯ ಶೌಚಾಲಯಕ್ಕೆ ತಲೆಗೆ 5 ರೂಪಾಯಿ. ಐದು ಜನರ ಸಂಸಾರ ದಿನಕ್ಕೊಂದೇ ಸಲ ಹೋದರೂ ತಿಂಗಳಿಗೆ 750. ರಾತ್ರಿ ಹತ್ತಕ್ಕೆ ಅದಕ್ಕೆ ಬೀಗ. ಬೆಳಗಿನ ನಾಲ್ಕೂವರೆಗೆ ಮೂವರು ನಾಲ್ವರು ಹೆಂಗಸರು ಒಬ್ಬರಿಗೊಬ್ಬರು ಕಾವಲಾಗಿ ಉದ್ಯಾನದ ಹಿಂದಕ್ಕೆ ಹೋಗುವುದನ್ನು ನನ್ನ ಕಿಟಕಿಯಿಂದ ನೋಡಿದ್ದೇನೆ. ವಾಕಿಂಗಿಗೆ ಬರುವವರ ಟಾರ್ಚು ಕಂಡರೆ ದಡಬಡಿಸಿ ಎದ್ದು ನಿಲ್ಲುತ್ತಾರೆ. ಅದು ಅವರು ಇಷ್ಟಪಟ್ಟು ಮಾಡುವ ಕೆಲಸವಲ್ಲ ಎಂದು ತಿಳಿಯಲು ಆ ಒಂದು ನೋಟ ಸಾಕು.

ಮಕ್ಕಳು. ಎರಡನೆಯ ಶೆಡ್ಡಿನ ಹುಡುಗಿಗೆ ಒಂಬತ್ತು ವರ್ಷ. ತಮ್ಮನನ್ನು ಸೊಂಟಕ್ಕೇರಿಸಿಕೊಂಡೇ ಇರುತ್ತಾಳೆ. ಕರೆದು ಕೇಳಿದೆ. ಪ್ಲಾಸ್ಟಿಕ್ ಚೀಲದಿಂದ ನಾಲ್ಕನೇ ತರಗತಿಯ ಕನ್ನಡ ಪುಸ್ತಕ ತೆಗೆದು ತೋರಿಸಿದಳು. ಊರಿನಿಂದ ಬರುವಾಗ ಅದೊಂದನ್ನು ತಂದಿದ್ದಾಳೆ. ಆರನೇ ಪಾಠದವರೆಗೆ ತಪ್ಪಿಲ್ಲದೆ ಓದಿದಳು. ಮುಂದಿನದು ಅವಳಿಗೆ ಆಗಿಲ್ಲ. ಅಮ್ಮ ಇಟ್ಟಿಗೆ ಹೊರುವಾಗ ಕೂಸನ್ನು ಹಿಡಿದುಕೊಳ್ಳಲು ಅವಳನ್ನು ಬಿಟ್ಟರೆ ಯಾರಿದ್ದಾರೆ?

ಕುಡಿತದ ಮಾತು ಸುಳ್ಳಲ್ಲ. ಶನಿವಾರ ಬಟವಾಡೆಯಾದ ರಾತ್ರಿ ಒಂದು ಶೆಡ್ಡಿನಲ್ಲಿ ಹೆಂಡತಿಗೆ ಹೊಡೆಯುವ ಸದ್ದು ಕೇಳಿ ನಾನೇ ಹೋಗಿ ತಗಡು ಬಡಿದಿದ್ದೇನೆ. ಆ ತಪ್ಪು ಅವನದೇ, ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಮುಂದೆ ಸದ್ದು ಕೇಳಿದವರು 112ಕ್ಕೆ ಕರೆ ಮಾಡಿ, ನಾನೂ ಮಾಡುತ್ತೇನೆ. ಆದರೆ ಅವನು ಕುಡಿದು ಬಡವನಾದವನಲ್ಲ, ಅವನ ಅಜ್ಜನ ಕಾಲದಿಂದಲೂ ಆ ಮನೆಗೆ ಗೇಣು ಹೊಲವಿಲ್ಲ. ಏಟು ತಿನ್ನುವವಳು ಹನಿ ಮುಟ್ಟಿದವಳಲ್ಲ. ಶೆಡ್ ಕಿತ್ತರೆ ಮಳೆಬಿಸಿಲಿಗೆ ಬೀಳುವವಳು ಅವಳೂ ಹೌದು. ಈ ಸಲದ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 38 ಸಾವಿರ ಕೋಟಿ ದಾಟಿದೆ. ಅದಕ್ಕೆ ತುಂಬುವವರಲ್ಲಿ ನಮ್ಮ ಬಡಾವಣೆಯ ದೊಡ್ಡ ಮನೆಗಳೂ ಇವೆ. ಅಲ್ಲಿ ಗೋಡೆ ಗಟ್ಟಿ, ಸದ್ದು ಹೊರಗೆ ಬರುವುದಿಲ್ಲ.

ಕಸದ ರಾಶಿಯನ್ನು ಇಂದು ಹತ್ತಿರ ಹೋಗಿ ನೋಡಿದೆ. ಸ್ಪ್ರಿಂಗು ಕಿತ್ತುಬಂದ ಸೋಫಾ, ಎಳನೀರು ಬುರುಡೆ, ಮನೆಗೆ ಊಟ ತರಿಸಿಕೊಂಡ ಕಪ್ಪು ಡಬ್ಬಿಗಳು, ಒಡೆದ ಟೈಲ್ಸು. ಹತ್ತಡಿಯ ಶೆಡ್ಡಿನಲ್ಲಿ ಸೋಫಾ ಹಿಡಿಸುವುದಿಲ್ಲ. ಶೆಡ್‌ನವರ ಕಸವೂ ಇದೆ, ನಿಜ. ಕಸದ ಟಿಪ್ಪರ್ ಅವರ ಮುಂದೆ ನಿಲ್ಲುವುದಿಲ್ಲ, ಅಲ್ಲಿ ಮನೆ ಸಂಖ್ಯೆಯಿಲ್ಲ ಎನ್ನುತ್ತಾರೆ. ಮಂಡೂರಿನ ಜನ ರಸ್ತೆಗಿಳಿದು ಹೋರಾಡಿ 2014ರಲ್ಲಿ ನಿಲ್ಲಿಸುವವರೆಗೆ ಬೆಂಗಳೂರಿನ ಕಸವನ್ನು ಅವರ ಊರಿಗೆ ಸುರಿದೆವು. ಅದಕ್ಕಾಗಿ ಯಾರೂ ನಮ್ಮನ್ನು ನೋಡಿ ‘ಈ ಜನ ಎಲ್ಲಿಗೆ ಹೋದರೂ ಹೀಗೆಯೇ’ ಎನ್ನಲಿಲ್ಲ.

ನಲ್ಲಿ ಕದ್ದವರು ಯಾರೆಂದು ನಮಗಾರಿಗೂ ಗೊತ್ತಿಲ್ಲ. ಹಾಗಿದ್ದರೂ ಪೊಲೀಸರು ಶೆಡ್‌ನ ಇಬ್ಬರು ಹುಡುಗರನ್ನು ರಾತ್ರಿಯಿಡೀ ಕೂರಿಸಿಕೊಂಡು, ಏನೂ ಸಿಗದೆ ಬೆಳಿಗ್ಗೆ ಬಿಟ್ಟರು. ಆ ದಿನದ ಕೂಲಿಯೂ ಹೋಯಿತು.

ಮನೆ 12 · ರಾತ್ರಿ 10.41

ಮೇಡಂ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ತೆರಿಗೆ ಕಟ್ಟುವ ನಮಗೆ ಶುಚಿಯಾದ ಬೀದಿ ಕೇಳುವ ಹಕ್ಕಿಲ್ಲವೇ? ನನ್ನ ಮಗುವಿಗೆ ಕಳೆದ ತಿಂಗಳು ಡೆಂಗಿ ಆಗಿತ್ತು.

ಮನೆ 71 · ರಾತ್ರಿ 10.50

ಖಂಡಿತ ಇದೆ. ಮಗು ಈಗ ಹೇಗಿದೆ? ಶುಚಿಯಾದ ಬೀದಿ ನನಗೂ ಬೇಕು. ಶೆಡ್ ಕಿತ್ತರೆ ಅದು ಸಿಗುವುದಿಲ್ಲ ಎಂಬುದಷ್ಟೇ ನನ್ನ ಮಾತು. ಅವರು 7ನೇ ಅಡ್ಡರಸ್ತೆಗೆ ಹೋಗುತ್ತಾರೆ, ಅಲ್ಲಿಯೂ ಶೌಚಾಲಯವಿರುವುದಿಲ್ಲ.

ಮನೆ 33 · ಮಾರ್ಚ್ 12, ಬೆಳಿಗ್ಗೆ 6.40

ನಾನು ಕಟ್ಟಡ ಎಂಜಿನಿಯರ್. ಎಲ್ಲರೂ ತಿಳಿದಿರಲೇಬೇಕಾದ ಒಂದು ವಿಷಯವಿದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಡಿಯುವ ನೀರು, ಶೌಚಾಲಯ, ತಾತ್ಕಾಲಿಕ ವಸತಿ ಮೂರನ್ನೂ ಒದಗಿಸಬೇಕಾದವನು ಕೆಲಸ ಮಾಡಿಸುವವನು. ವಸತಿಗೆ ಬಾಡಿಗೆ ಪಡೆಯುವಂತಿಲ್ಲ. ಅಡುಗೆಗೆ, ಸ್ನಾನಕ್ಕೆ ಪ್ರತ್ಯೇಕ ಜಾಗವಿರಬೇಕು. ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುಪಾಲನಾ ಕೇಂದ್ರವೂ ಕಡ್ಡಾಯ. ಈ ಶೆಡ್‌ಗಳಲ್ಲಿ ಇರುವವರು ಮುಖ್ಯರಸ್ತೆಯ ಹೊಸ ಅಪಾರ್ಟ್‌ಮೆಂಟ್ ಕಟ್ಟುತ್ತಿರುವವರು. ಅಂದರೆ ನಾವು ದೂರುತ್ತಿರುವ ಒಂದೊಂದು ವಿಷಯವೂ ಬಿಲ್ಡರ್ ಮಾಡಬೇಕಾಗಿದ್ದು ಮಾಡದೆ ಬಿಟ್ಟದ್ದು. ನಮ್ಮ ಮನವಿಯಲ್ಲಿ ಅವರ ಹೆಸರೇ ಇಲ್ಲ.

ಜೊತೆಗೆ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಮನೆ ಕಟ್ಟಿಸುವಾಗ ನೀವೂ ಕಟ್ಟಿರುತ್ತೀರಿ. ಅದರಿಂದ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತಕ್ಕೆ ನೆರವುಂಟು. ಪಡೆಯಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಮೂರು ತಿಂಗಳಿಗೊಂದು ಕಟ್ಟಡ, ಆರು ತಿಂಗಳಿಗೊಬ್ಬ ಮೇಸ್ತ್ರಿ ಬದಲಾಗುವವರಿಗೆ ಸಹಿ ಹಾಕಿಕೊಡುವವರು ಯಾರು?

ಮನೆ 40 · ಬೆಳಿಗ್ಗೆ 7.15

ಹೇಳಲು ಸಂಕೋಚವಾಗುತ್ತಿದೆ. ನಮ್ಮ ಎರಡನೇ ಮಹಡಿಯ ಕೆಲಸ ಮಾಡುತ್ತಿರುವವರೂ ಅಲ್ಲಿಯವರೇ. ಚದರಕ್ಕೆ ಇಷ್ಟೆಂದು ಮೇಸ್ತ್ರಿಯೊಡನೆ ಕೂಲಿ ಮಾತನಾಡಿದ್ದೆ, ಅವರು ಎಲ್ಲಿ ಮಲಗುತ್ತಾರೆಂದು ಕೇಳಿರಲಿಲ್ಲ. ನಿನ್ನೆ ರಾತ್ರಿ ಈ ಗುಂಪಿನಲ್ಲಿ ಒಪ್ಪಿಗೆ ಎಂದು ಬರೆಯಲು ಹೊರಟಿದ್ದೆ.

ಮನೆ 64 · ಬೆಳಿಗ್ಗೆ 9.02

ಮೇಡಂ, ರಾತ್ರಿಯೇ ಓದಿದೆ. ಎಲ್ಲವನ್ನೂ ಒಪ್ಪುತ್ತೇನೆಂದಲ್ಲ. ದುಡಿದದ್ದನ್ನು ಕುಡಿತಕ್ಕೆ ಹಾಕುವವರ ಮೇಲೆ ನನ್ನ ಸಿಟ್ಟು ಹಾಗೆಯೇ ಇದೆ. ನನ್ನ ಅಣ್ಣ ಹೋದದ್ದು ಅದರಿಂದಲೇ. ಆದರೆ ‘ಯಾರು ಬೇಕಾದರೂ ಮೇಲೆ ಬರಬಹುದು’ ಎಂದು ಬರೆದದ್ದು ರಾತ್ರಿಯೆಲ್ಲ ಕೊರೆಯಿತು. ನಮ್ಮ ತಂದೆ ಪುತ್ತೂರು ಕಡೆ ಗೇಣಿ ಒಕ್ಕಲು. 1974ರ ಭೂಸುಧಾರಣೆ ಬಂದಾಗ ಗೇಣಿ ಜಮೀನಿನ ಒಡೆತನ ಕೇಳುವ ಫಾರಂ 7 ತುಂಬಿ, ಭೂ ನ್ಯಾಯಮಂಡಳಿಯಲ್ಲಿ ನಿಂತು ಎರಡೂವರೆ ಎಕರೆ ತಮ್ಮದಾಗಿಸಿಕೊಂಡರು. ಆ ಅಡಿಕೆ ತೋಟದಿಂದ ನನ್ನ ಕಾಲೇಜು ಫೀಸು. ನಾನು ಓದಿದ್ದು ಸರ್ಕಾರಿ ಹಾಸ್ಟೆಲಿನಲ್ಲಿ. ಬೀದಿ ದೀಪವನ್ನು ನೆನಪಿಟ್ಟುಕೊಂಡೆ, ತೋಟವನ್ನು ಮರೆತೆ.

ಮನೆ 71 · ಬೆಳಿಗ್ಗೆ 9.20

ಸರ್, ಅಣ್ಣನವರ ವಿಷಯ ನನಗೆ ತಿಳಿದಿರಲಿಲ್ಲ. ನಿಮ್ಮ ಪರಿಶ್ರಮ ಸಣ್ಣದೆಂದು ನಾನು ಎಂದೂ ಹೇಳುವುದಿಲ್ಲ. ಆ ಕಾನೂನು ಕರಾವಳಿಯಲ್ಲಿ ನಡೆದಷ್ಟು ಕಲಬುರಗಿ ವಿಭಾಗದಲ್ಲಿ ನಡೆಯಲಿಲ್ಲ. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗಂತೂ ಫಾರಂ 7ರಿಂದ ಏನೂ ದಕ್ಕಲಿಲ್ಲ. ಎದುರಿನ ಶೆಡ್‌ಗಳಲ್ಲಿರುವವರು ಅಂಥವರ ಮೊಮ್ಮಕ್ಕಳು.

ಮನೆ 29 · ಬೆಳಿಗ್ಗೆ 9.45

ಅವರು ನಿಜವಾಗಿ ನಮ್ಮ ರಾಜ್ಯದವರೇ ಎಂಬುದಕ್ಕೆ ಏನು ಖಾತರಿ? ಬಾಂಗ್ಲಾದೇಶದವರೂ ಸೇರಿಕೊಂಡಿರುತ್ತಾರೆ ಎನ್ನುತ್ತಾರೆ.

ಮನೆ 33 · ಬೆಳಿಗ್ಗೆ 9.58

2020ರ ಜನವರಿಯಲ್ಲಿ ಇಲ್ಲೇ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಇದೇ ಮಾತು ಹಬ್ಬಿಸಿ ಶೆಡ್‌ಗಳನ್ನು ಕೆಡವಿದರು. ಅಲ್ಲಿದ್ದ ಬಹಳ ಮಂದಿ ಉತ್ತರ ಕರ್ನಾಟಕದವರು, ಈಶಾನ್ಯ ರಾಜ್ಯಗಳವರು. ಆಧಾರ್, ಮತದಾರರ ಚೀಟಿ ಹಿಡಿದುಕೊಂಡೇ ಬೀದಿಯಲ್ಲಿ ನಿಂತರು. ಹೈಕೋರ್ಟ್ ಆ ಕ್ರಮವನ್ನು ಕಾನೂನುಬಾಹಿರವೆಂದಿತು. ನಮ್ಮ ಸಂಘದ ಮುದ್ರೆಯೊತ್ತಿದ ಪತ್ರ ಅಂಥದ್ದಕ್ಕೆ ಕಾರಣವಾಗುವುದು ಬೇಡ.

ಸಂಘದ ಕಾರ್ಯದರ್ಶಿ · ಮಾರ್ಚ್ 12, ಸಂಜೆ 6.30

ಎಲ್ಲರ ಮಾತನ್ನೂ ಓದಿದೆ. ಹಳೆಯ ಮನವಿಯನ್ನು ತಡೆಹಿಡಿದಿದ್ದೇನೆ. ಅದನ್ನು ಬರೆದವನು ನಾನೇ, ಒಮ್ಮೆಯೂ ಆ ನಿವೇಶನದೊಳಗೆ ಕಾಲಿಡದೆ ಬರೆದೆ. ಇಂದು 71ರ ಟೀಚರ್ ಜೊತೆ ಹೋಗಿ ಬಂದೆ. ಇಪ್ಪತ್ತಮೂರು ಶೆಡ್, ಎಂಬತ್ತೊಂದು ಜನ, ಅವರಲ್ಲಿ ಮಕ್ಕಳು ಇಪ್ಪತ್ತಾರು. ಒಂದೇ ಒಂದು ನಲ್ಲಿಯಿಲ್ಲ.

ಭಾನುವಾರದ ಸಭೆಗೆ ಹೊಸ ಪತ್ರ ಸಿದ್ಧಪಡಿಸಲು 33ರ ಸರ್ ಒಪ್ಪಿದ್ದಾರೆ. ಅದು ಬಿಲ್ಡರ್‌ಗೆ, ಅದರ ನಕಲು ಕಾರ್ಮಿಕ ಇಲಾಖೆಗೆ: ಶೌಚಾಲಯ, ನೀರು, ಕಸದ ಡಬ್ಬಿ. ಟೀಚರ್ ಬುಧವಾರ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ ವಲಸೆ ಕಾರ್ಮಿಕರ ಮಕ್ಕಳಿಗಾಗಿ ನಡೆಸುವ ಟೆಂಟ್ ಶಾಲೆಯ ಬಗ್ಗೆ ವಿಚಾರಿಸುತ್ತಾರೆ. ಟಿಪ್ಪರ್ ಚಾಲಕರೊಡನೆ ನಾನು ಮಾತನಾಡಿದ್ದೇನೆ, ನಾಳೆಯಿಂದ ಶೆಡ್‌ಗಳ ಮುಂದೆ ಎರಡು ನಿಮಿಷ ನಿಲ್ಲಿಸುತ್ತಾರೆ. ಸೋಫಾ ಹಾಕಿದವರು ಯಾರೆಂದು ಕೇಳುವುದಿಲ್ಲ, ಭಾನುವಾರದೊಳಗೆ ತೆಗೆಸಿಬಿಡಿ.

ಮನೆ 12 · ಸಂಜೆ 6.52

ನನ್ನ ಒಪ್ಪಿಗೆಯನ್ನು ಹಳೆಯ ಪತ್ರದಿಂದ ತೆಗೆಯಿರಿ. ಹೊಸದನ್ನು ಓದಿ ತೀರ್ಮಾನಿಸುತ್ತೇನೆ. ಸೊಳ್ಳೆ ಔಷಧ ಸಿಂಪಡಿಸುವ ಮಾತನ್ನೂ ಸೇರಿಸಿ, ಶೆಡ್‌ಗಳ ಸುತ್ತಲೂ. ಅಲ್ಲಿಯೂ ಮಕ್ಕಳಿದ್ದಾರಲ್ಲ.

ಮನೆ 64 · ಸಂಜೆ 7.10

ಬುಧವಾರ ನಾನು ಬಿಡುವಾಗಿದ್ದೇನೆ. ಟೀಚರ್, ಕಚೇರಿಗೆ ನಿಮ್ಮೊಡನೆ ನಾನೂ ಬರುತ್ತೇನೆ. ಕಾರು ತರುತ್ತೇನೆ, ಆ ಹುಡುಗಿಯನ್ನೂ ಅವಳ ಪುಸ್ತಕವನ್ನೂ ಕರೆದುಕೊಂಡು ಹೋಗೋಣ. ಕೂಸು ನಮ್ಮ ಮನೆಯಲ್ಲಿರಲಿ, ನನ್ನ ಮನೆಯವರು ನೋಡಿಕೊಳ್ಳುತ್ತಾರೆ.