ಎಇ ವಲಯದ ಮನೆ: ಫ್ಲಡ್ ಇನ್ಶೂರೆನ್ಸ್ ತಪ್ಪಿಸಬಹುದೇ, ರಿಪೇರಿಗೆ ಮಿತಿ ಇದೆಯೇ?

ಪ್ರಶ್ನೆ: ಅಮೆರಿಕದಲ್ಲಿ ಕೊಳ್ಳಬೇಕೆಂದಿರುವ ಮನೆ ಫೆಮಾ (ವಿಪತ್ತು ನಿರ್ವಹಣೆಯ ಕೇಂದ್ರ ಸರ್ಕಾರಿ ಸಂಸ್ಥೆ) ನಕ್ಷೆಯಲ್ಲಿ ಎಇ ವಲಯಕ್ಕೆ, ಅಂದರೆ ಪ್ರವಾಹದ ಅಪಾಯ ಹೆಚ್ಚಿರುವ ಪ್ರದೇಶಕ್ಕೆ ಬರುತ್ತದೆ. ಫ್ಲಡ್ ಇನ್ಶೂರೆನ್ಸ್ ಇಲ್ಲದಿದ್ದರೆ ಸಾಲವಿಲ್ಲ ಎನ್ನುತ್ತಿದೆ ಬ್ಯಾಂಕು. ನೋಡಿದರೆ ಮನೆ ದಿಬ್ಬದ ಮೇಲಿದೆ. ಕೊಂಡ ಮೇಲೆ ಅಡುಗೆಮನೆ, ಬಾತ್‌ರೂಮು ಕೆಡವಿ ಹೊಸದಾಗಿ ಮಾಡಿಸಬೇಕು. ಏನೇನು ನೋಡಿಕೊಳ್ಳಬೇಕು?

ಉತ್ತರ 1: ಬ್ಯಾಂಕಿನ ಜೊತೆ ವಾದಿಸಿ ಪ್ರಯೋಜನವಿಲ್ಲ, 1973ರ ಕಾನೂನೇ ಹಾಗಿದೆ. ಸರ್ಕಾರಿ ಯೋಜನೆಯಲ್ಲಿ ಮನೆಗೆ ಹೆಚ್ಚೆಂದರೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್‌ವರೆಗೆ ವಿಮೆ ಸಿಗುತ್ತದೆ. ಸಾಮಾನಿನದನ್ನು ಕೇಳಿಯೇ ಸೇರಿಸಿಕೊಳ್ಳಬೇಕು, ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ ಪಾಲಿಸಿ ಜಾರಿಗೆ ಬರಲು 30 ದಿನ ಬೇಕು. ಸಾಲದ ಕ್ಲೋಸಿಂಗ್ (ಸಾಲ, ಖರೀದಿ ಪತ್ರಗಳಿಗೆ ಸಹಿ ಬೀಳುವ ಹಂತ) ಸಲುವಾಗಿ ತೆಗೆದುಕೊಂಡರೆ ಆ ಕಾಯುವಿಕೆ ಇಲ್ಲ. ಮಾರುವವರ ಹೆಸರಲ್ಲಿ ಪಾಲಿಸಿ ಇದೆಯೇ ಕೇಳಿ. ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಂಡರೆ ಅವರಿಗಿರುವ ರಿಯಾಯಿತಿ ದರ ನಿಮಗೂ ಸಿಗಬಹುದು.

ಉತ್ತರ 2: ದಿಬ್ಬ ಕಣ್ಣಿಗೆ ಕಂಡರೆ ಸಾಲದು. ಲೈಸೆನ್ಸ್ ಇರುವ ಸರ್ವೇಯರ್‌ರಿಂದ ಎಲಿವೇಷನ್ ಸರ್ಟಿಫಿಕೇಟ್ (ಮನೆಯ ಎತ್ತರ ಅಳೆದು ಕೊಡುವ ಪತ್ರ) ಮಾಡಿಸಿ. ಗೋಡೆಗೆ ತಾಗಿದ ನೆಲದ ಅತಿ ತಗ್ಗಿನ ಜಾಗವೂ ಬೇಸ್ ಫ್ಲಡ್ ಎಲಿವೇಷನ್ನಿಗೆ (ನಕ್ಷೆಯ ಲೆಕ್ಕದಲ್ಲಿ ಪ್ರವಾಹದ ನೀರು ಏರುವ ಮಟ್ಟ) ಸಮ ಅಥವಾ ಮೇಲಿದ್ದರೆ ಫೆಮಾಗೆ ಲೋಮಾ ಅರ್ಜಿ, ಅಂದರೆ ಮನೆಯನ್ನು ಅಪಾಯದ ವಲಯದಿಂದ ಹೊರಗಿಡಿ ಎಂಬ ಅರ್ಜಿ ಹಾಕಿ. ಅರ್ಜಿಗೆ ಶುಲ್ಕವಿಲ್ಲ, ಸರ್ವೇ ಖರ್ಚು ಮಾತ್ರ ನಿಮ್ಮದು. ಮನೆಗೆ ಅಂಟಿದ ಡೆಕ್ಕಿನ ಕಂಬದ ಬುಡವೂ ಲೆಕ್ಕಕ್ಕೆ ಬರುತ್ತದೆ, ಅರ್ಜಿ ಇಂಥಲ್ಲೂ ಎಡವಬಹುದು. ಮಣ್ಣು ತುಂಬಿ ಎತ್ತರಿಸಿದ ಜಾಗವಾದರೆ ಅರ್ಜಿಯೇ ಬೇರೆ, ಅದಕ್ಕೆ ಶುಲ್ಕವಿದೆ. ಲೋಮಾ ಬಂದ ಮೇಲೂ ಬ್ಯಾಂಕು ವಿಮೆ ಕೇಳಬಹುದು, ಆ ಹಕ್ಕು ಅದಕ್ಕಿದೆ.

ಉತ್ತರ 3: ವಿಮೆಗಿಂತ ದೊಡ್ಡ ಪೆಟ್ಟು ಕೊಡುವುದು ರಿಪೇರಿಯ 50% ನಿಯಮ. ಕೆಲಸದ ವೆಚ್ಚ ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧ ಮುಟ್ಟಿತೆಂದರೆ ಇಡೀ ಮನೆಯನ್ನು ಹೊಸ ಮನೆಯ ನಿಯಮಕ್ಕೆ ತರಬೇಕು, ಅಂದರೆ ಕೆಳಗಿನ ಅಂತಸ್ತನ್ನೇ ಮೇಲೆತ್ತಬೇಕು. ಬೆಲೆಯಲ್ಲಿ ಜಾಗದ್ದು ಸೇರುವುದಿಲ್ಲ. ಒಟ್ಟು 4,00,000ದ ಆಸ್ತಿಯಲ್ಲಿ ಕಟ್ಟಡದ್ದು 1,60,000 ಅಂದರೆ ನಿಮ್ಮ ಮಿತಿ 80,000ದೊಳಗೆ. ನೀವೇ ಕೈಯಾರೆ ಮಾಡಿದ ಕೆಲಸಕ್ಕೂ ಕೂಲಿ ಕಟ್ಟುತ್ತಾರೆ. ಈ ವರ್ಷ ಅಡುಗೆಮನೆ, ಮುಂದಿನ ವರ್ಷ ಬಾತ್‌ರೂಮು ಎಂದು ಪರ್ಮಿಟ್ ಒಡೆಯುವ ಉಪಾಯ ಎಲ್ಲ ಊರಲ್ಲೂ ನಡೆಯುವುದಿಲ್ಲ. ಕೆಲವು ಕಡೆ ಹಲವು ವರ್ಷದ ಕೆಲಸವನ್ನು ಕೂಡಿಸಿ ನೋಡುತ್ತಾರೆ. ಮನೆ ಕೊಳ್ಳುವ ಮೊದಲೇ ಊರಿನ ಫ್ಲಡ್‌ಪ್ಲೇನ್ (ಪ್ರವಾಹ ಪ್ರದೇಶ) ಅಧಿಕಾರಿಯಿಂದ ನಿಮ್ಮ ಊರಲ್ಲಿ ಲೆಕ್ಕ ಹೇಗೆಂದು ಬರೆಸಿಕೊಳ್ಳಿ. ಪ್ರವಾಹದ ಹಾನಿಯ ನಂತರ ಮನೆ ಎತ್ತಲು ಪಾಲಿಸಿಯಿಂದ 30,000 ಡಾಲರ್‌ವರೆಗೆ ಸಿಗುತ್ತದೆ, ನೀವಾಗಿ ಮಾಡಿಸುವ ಹೊಸ ಕೆಲಸಕ್ಕೆ ಅದು ಇಲ್ಲ.

ಉತ್ತರ 2 ಬರೆದವರು ಮತ್ತೆ: ಮನೆ ಎತ್ತಲೇಬೇಕಾಗಿ ಬಂದರೆ ಕೆಳಗೆ ಗ್ಯಾರೇಜು ಇರಬಹುದು, ಕೋಣೆ ಕೂಡದು. ಗೋಡೆಗೆ ನೀರಿನ ಕಿಂಡಿ ಬೇಕು: ಕೆಳಗಿನ ಜಾಗದ ಒಂದು ಚದರಡಿಗೆ ಒಂದು ಚದರ ಇಂಚು ಕಿಂಡಿ, ಕನಿಷ್ಠ ಎರಡು ಕಿಂಡಿ, ಕಿಂಡಿಯ ತಳ ನೆಲದಿಂದ ಒಂದು ಅಡಿಯೊಳಗೆ. ಗ್ಯಾರೇಜ್ ಬಾಗಿಲಿನ ಕೆಳಗಿನ ಸಂದು ಲೆಕ್ಕಕ್ಕಿಲ್ಲ.