ಸುಮಾ, ಔಷಧಿ ಆಮೇಲೆ, ಮೊದಲು ಕೋಳಿಯನ್ನು ಬೇರೆ ಇಡು

ಸುಮಾ, ನಿನ್ನ ಕೋಳಿಯ ಫೋಟೋ ನೋಡಿದೆ. ನಿನ್ನೆಯಿಂದ ಕಾಳು ಮುಟ್ಟುತ್ತಿಲ್ಲ, ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುತ್ತಿದೆ, ಹಿಕ್ಕೆ ಹಸಿರಾಗಿ ನೀರಾಗಿದೆ ಎಂದಿದ್ದೀಯ. ಅದಕ್ಕೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದ ಉತ್ತರಗಳನ್ನೂ ಕೇಳಿದೆ. ಒಬ್ಬರು ಮನೆಯಲ್ಲಿ ಉಳಿದಿರುವ ಜ್ವರದ ಮಾತ್ರೆ ಅರೆದು ಕುಡಿಸು ಎನ್ನುತ್ತಾರೆ, ಭಾವನವರು ಸಾಯುವ ಮೊದಲೇ ಸಾರು ಮಾಡಿಬಿಡು ಎನ್ನುತ್ತಾರೆ. ಎರಡೂ ಬೇಡ. ಕಾಯಿಲೆಯ ಕೋಳಿಯನ್ನು ಕೊಯ್ದರೆ ರಕ್ತ, ಕರುಳು, ಪುಕ್ಕ ಎಲ್ಲವೂ ಅಂಗಳದಲ್ಲಿ ಚೆಲ್ಲುತ್ತವೆ. ರೋಗಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಬೇಕೇ ಭಾವ?

ಈಗಲೇ ಅದನ್ನು ಉಳಿದವುಗಳಿಂದ ಬೇರೆ ಮಾಡು. ಅಂಗಳದಲ್ಲೇ ಮಂಕರಿ ಕವುಚಿ ಇಟ್ಟರೆ ಬೇರೆ ಮಾಡಿದಂತಾಗುವುದಿಲ್ಲ, ಉಳಿದವು ಅದರ ಸುತ್ತಲೇ ಕೆದಕುತ್ತವೆ. ಹಿತ್ತಿಲ ಕಡೆ ಚಳಿಗಾಳಿ ತಾಗದ ಒಣ ಜಾಗದಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ಇಟ್ಟು ಹಳೆಯ ಪತ್ರಿಕೆ ಹಾಸು. ಪತ್ರಿಕೆಯ ಮೇಲೆ ಹಿಕ್ಕೆಯ ಬಣ್ಣ ಚೆನ್ನಾಗಿ ಕಾಣುತ್ತದೆ, ಅದರ ಫೋಟೋ ತೆಗೆದಿಟ್ಟುಕೊ, ವೈದ್ಯರಿಗೆ ತೋರಿಸಬಹುದು. ರಾತ್ರಿ ಹತ್ತಿರದಲ್ಲಿ ಒಂದು ಬಲ್ಬ್ ಉರಿಯಲಿ. ನೀರನ್ನು ಕೊಕ್ಕು ಬಿಡಿಸಿ ಸುರಿಯಬೇಡ, ಶ್ವಾಸನಾಳಕ್ಕೆ ಹೋದರೆ ರೋಗಕ್ಕಿಂತ ಮೊದಲು ನೀನೇ ಕೊಂದಂತಾಗುತ್ತದೆ. ಚೂರು ಬೆಲ್ಲ, ಚಿಟಿಕೆ ಉಪ್ಪು ಕರಗಿಸಿದ ನೀರಿನಲ್ಲಿ ಕೊಕ್ಕಿನ ತುದಿ ಅದ್ದು, ತಾನೇ ಕುಡಿಯಲಿ. ಮೆತ್ತಗೆ ಬೆಂದ ಅನ್ನ ಇಡು, ತಿಂದರೆ ತಿನ್ನಲಿ.

ಇನ್ನು ರೋಗ ಹರಡುವ ವಿಚಾರ. ಎಲ್ಲರೂ ಕೋಳಿಯ ಮೇಲೆ ಕಣ್ಣಿಡುತ್ತಾರೆ, ತಮ್ಮ ಕಾಲಿನ ಮೇಲೆ ಇಡುವುದಿಲ್ಲ. ನಿನ್ನ ಚಪ್ಪಲಿಗೆ ಅಂಟಿದ ಹಿಕ್ಕೆಯೇ ಸಾಕು. ಆದ್ದರಿಂದ ಬೆಳಿಗ್ಗೆ ಮೊದಲು ಚೆನ್ನಾಗಿರುವ ಕೋಳಿಗಳಿಗೆ ಮೇವು ನೀರು ಮುಗಿಸು, ಕಾಯಿಲೆಯದಕ್ಕೆ ಎಲ್ಲಕ್ಕಿಂತ ಕೊನೆಯಲ್ಲಿ ಹೋಗು. ಅದಕ್ಕೆಂದೇ ಬೇರೆ ಚಪ್ಪಲಿ, ಬೇರೆ ಬಟ್ಟಲು, ಬೇರೆ ಪೊರಕೆ. ಬಂದ ಮೇಲೆ ಕೈಗೆ ಸೋಪು. ಗೂಡನ್ನು ತೊಳೆಯುವಾಗಲೂ ಹಿಕ್ಕೆ ಕೆರೆದು, ಸೋಪಿನ ನೀರಿನಲ್ಲಿ ಉಜ್ಜಿ, ಆಮೇಲೆ ಬ್ಲೀಚಿಂಗ್ ಪುಡಿಯ ನೀರು ಹಾಕಿ ಬಿಸಿಲಿಗೆ ಬಿಡು. ಹಿಕ್ಕೆಯ ಮೇಲೆಯೇ ಪುಡಿ ಎರಚಿದರೆ ದುಡ್ಡು ದಂಡ.

ಹಸಿರು ಭೇದಿ ಎಂದ ಕೂಡಲೇ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂದು ಹೆದರುತ್ತಾರೆ. ಹೆದರುವಂಥದ್ದೇ, ಆದರೆ ಹಸಿರೊಂದರಿಂದಲೇ ತೀರ್ಮಾನಿಸಲಾಗದು, ಎರಡು ದಿನ ಏನೂ ತಿನ್ನದ ಕೋಳಿಯ ಹಿಕ್ಕೆಯೂ ಹಸಿರಾಗುತ್ತದೆ. ನಾಳೆ ಬೆಳಕು ಹರಿಯುತ್ತಲೇ ಕತ್ತಿನ ಬುಡದ ಮೇವಿನ ಚೀಲ ಮುಟ್ಟಿ ನೋಡು. ರಾತ್ರಿ ಕಳೆದ ಮೇಲೆ ಅದು ಬರಿದಾಗಿರಬೇಕು. ಗಟ್ಟಿಯಾಗಿಯೇ ಇದ್ದರೆ ಮೇವು ಕಟ್ಟಿಕೊಂಡಿದೆ ಎಂದು ಅರ್ಥ, ಅದು ಅಂಟುರೋಗವಲ್ಲ. ರೆಕ್ಕೆಯಡಿ ಹೇನು ಇದೆಯೇ ನೋಡು. ಬಾಯಿ ತೆರೆದು ಏದುಸಿರು, ಕತ್ತು ತಿರುಚುವುದು, ಕಾಲು ಸೋಲುವುದು, ಒಂದರ ಹಿಂದೆ ಒಂದು ಬೀಳುವುದು ಕಂಡರೆ ಮಾತ್ರ ರಾಣಿಖೇತ್ ಅನುಮಾನ ಬಲವಾಗುತ್ತದೆ. ಅದು ವೈರಸ್, ಗುಣಪಡಿಸುವ ಔಷಧಿ ಇಲ್ಲ. ಕೋಳಿ ಮುಟ್ಟಿದ ಕೈಯಿಂದ ಕಣ್ಣು ಉಜ್ಜಿದರೆ ನಮಗೂ ಕಣ್ಣು ಕೆಂಪಾಗಬಹುದು. ಪುಟ್ಟಿಯನ್ನು ಆ ಪೆಟ್ಟಿಗೆಯ ಹತ್ತಿರ ಬಿಡಬೇಡ, ಅವಳು ಅತ್ತರೂ ಸರಿ.

ಜುಟ್ಟು ನೀಲಿಗಟ್ಟಿ, ಮುಖ ಊದಿ, ಹಲವು ಕೋಳಿಗಳು ಒಟ್ಟಿಗೆ ಸತ್ತರೆ ಹಕ್ಕಿಜ್ವರ ಇರಬಹುದು, ಯಾವುದನ್ನೂ ಮುಟ್ಟದೆ 1962ಕ್ಕೆ ಕರೆ ಮಾಡು, ಅದು ಪಶುಪಾಲನಾ ಇಲಾಖೆಯ ಸಹಾಯವಾಣಿ. ಅದು ನಮ್ಮ ರಾಜ್ಯಕ್ಕೆ ಹೊಸದಲ್ಲ, 2012ರಲ್ಲಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರದಲ್ಲೇ ಕಾಣಿಸಿಕೊಂಡಿತ್ತು. ನಿನ್ನದು ಒಂದೇ ಕೋಳಿಯಾದ್ದರಿಂದ ಈಗಲೇ ಆ ದಿಗಿಲು ಬೇಡ, ಆದರೆ ನಾಳೆ ಪಶು ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಬೇಡ. ಒಂದು ವೇಳೆ ಸತ್ತರೆ ಹಳ್ಳಕ್ಕೂ ತಿಪ್ಪೆಗೂ ಎಸೆಯಬಾರದು. ಬಾವಿಯಿಂದ ದೂರ, ನಾಯಿ ಕೆದಕಲಾರದಷ್ಟು ಆಳ ತೋಡಿ ಸುಣ್ಣ ಹಾಕಿ ಮುಚ್ಚಿ.

ಸಂತೆಯಿಂದ ತಂದ ಹುಂಜ ಈಚೆಗೆ ನಿಮ್ಮ ಗೂಡು ಸೇರಿತು ಎಂದು ಅಕ್ಕ ಹೇಳುತ್ತಿದ್ದಳು. ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆಯೇ ಇಟ್ಟು ನೋಡಬೇಕು. ಮಾರಿಹಬ್ಬದ ಹೊತ್ತಿನಲ್ಲಂತೂ ಕೋಳಿಗಳು ಊರಿಂದೂರಿಗೆ ಓಡಾಡುತ್ತವೆ. ನಾಟಿ ಕೋಳಿಗೆ ಯಾವ ರೋಗವೂ ಬಡಿಯುವುದಿಲ್ಲ ಎಂಬ ಮಾತನ್ನು ನಂಬಬೇಡ, ರಾಣಿಖೇತ್‌ಗೆ ನಾಟಿಯೂ ಒಂದೇ, ಸುಧಾರಿತ ತಳಿಯ ಗಿರಿರಾಜವೂ ಒಂದೇ.

ರಾಣಿಖೇತ್ ಲಸಿಕೆ ಕಾಯಿಲೆಯ ಕೋಳಿಗಲ್ಲ, ಚೆನ್ನಾಗಿರುವವಕ್ಕೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, 6ರಿಂದ 8 ವಾರದಲ್ಲಿ ರೆಕ್ಕೆಯಡಿ ಚುಚ್ಚುಮದ್ದು. ಗೂಡಿನಲ್ಲಿ ಈಗ ಕಾಯಿಲೆ ಇರುವುದರಿಂದ ಯಾವಾಗ ಹಾಕಿಸಬೇಕೆಂದು ವೈದ್ಯರನ್ನೇ ಕೇಳು. ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ತರುವಾಗ ಐಸ್ ಬೇಕೇ ಬೇಕು. ಹತ್ತು ಕೋಳಿಗಾಗಿ ಒಬ್ಬಳೇ ತರಬೇಡ, ಕೇರಿಯವರನ್ನೆಲ್ಲ ಕೇಳು. ದಿನ ಗೊತ್ತಾದರೆ ಈ ಗುಂಪಿನಲ್ಲೇ ತಿಳಿಸು, ಐಸ್ ಡಬ್ಬಿ ನಮ್ಮಲ್ಲಿದೆ, ಕಳಿಸಿಕೊಡುತ್ತೇನೆ.